ಹೊಳೆಮತ್ತಿಯಿಂದ ಕಮರದವರೆಗೆ: ಕಾವೇರಿ ವನ್ಯಧಾಮದಲ್ಲಿ ಮೂರು ದಿನ

ಮೊದಲ ದಿನ: ನಲ್ಲಿ ನೀರಿನ ದಾರಿಯಲ್ಲಿ

ಕನಕಪುರ ರಸ್ತೆಯಲ್ಲಿ ಹೊರಟರೆ ನಾವು ಹೋಗುವುದು ನಮ್ಮ ಮನೆ ನೀರು ಬರುವ ದಿಕ್ಕಿಗೆ ಎದುರಾಗಿ. ತೊರೆಕಾಡನಹಳ್ಳಿಯಲ್ಲಿ ಎತ್ತಿದ ಕಾವೇರಿ ನೀರು ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್‌ಗಳಲ್ಲಿ ಉಸಿರು ತೆಗೆದುಕೊಂಡು, ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತದೆ. ಹಾರೋಹಳ್ಳಿ ದಾಟುವಾಗ ಇದನ್ನು ಹೆಂಡತಿಗೆ ಹೇಳಿದೆ. "ನಮ್ಮೂರ ಪಕ್ಕದ್ದು ನನಗೇ ಹೇಳ್ತೀರಲ್ಲ" ಅಂದಳು. ಅವಳ ತವರು ಹಲಗೂರಿನ ಹತ್ತಿರ. ನಾನು ಸುಮ್ಮನಾದೆ.

ಮಾರ್ಚ್ ತಿಂಗಳು. ಕಾಡು ನೋಡಲು ಇದು ಸರಿಯಾದ ಕಾಲ ಅಲ್ಲ ಅಂತ ಆಫೀಸಿನಲ್ಲಿ ಇಬ್ಬರು ಹೇಳಿದ್ದರು. ಎಲೆ ಉದುರಿ, ಬೆಟ್ಟವೆಲ್ಲ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಬಿಸಿಲು ಬೇರೆ. ನಾನು ಬೇಕೆಂದೇ ಈ ತಿಂಗಳು ಆರಿಸಿಕೊಂಡಿದ್ದೆ. ಮಳೆ ಬಿದ್ದ ಮೇಲೆ ಇಲ್ಲಿ ಎಲ್ಲ ಒಂದೇ ಹಸಿರು, ಯಾವ ಕಾಡು ಎಲ್ಲಿ ಮುಗಿಯಿತು ಅನ್ನುವುದು ನನ್ನಂಥವನಿಗೆ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಹೊಳೆದಂಡೆಯ ಹೊಳೆಮತ್ತಿ ಮರದ ಕಾಡಿಗೂ ಬೆಟ್ಟದ ಕಮರ ಮರದ ಕಾಡಿಗೂ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಹಲಗೂರಿನಲ್ಲಿ ಮಾವ ರಸ್ತೆ ಬದಿಯ ಟೀ ಅಂಗಡಿ ಮುಂದೆ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ, ಅದರ ತುಂಬ ಚಕ್ಕುಲಿ, ಕೋಡುಬಳೆ. "ಕಾಡಲ್ಲಿ ಏನು ಸಿಗ್ತದೋ ಏನೋ" ಅಂತ ಅತ್ತೆ ಕಳಿಸಿದ್ದಂತೆ. ಮಾವ ಚಿಕ್ಕಂದಿನಲ್ಲಿ ಈ ಬೆಟ್ಟಗಳ ಅಂಚಿನಲ್ಲಿ ದನ ಮೇಯಿಸಿದವರು. ಗಿಡಮರದ ಹೆಸರು ಕೇಳಿದರೆ ಯೋಚನೆಯೇ ಮಾಡದೆ ಹೇಳುತ್ತಾರೆ. ಹಕ್ಕಿ ಹೆಸರು ಮಾತ್ರ ಕೇಳಬಾರದು, ಎಲ್ಲ ಹಕ್ಕಿಗೂ "ಅದೊಂದು ಕಾಡಕ್ಕಿ" ಅಂದುಬಿಡುತ್ತಾರೆ.

ಹಲಗೂರಿನಿಂದ ಎಡಕ್ಕೆ ತಿರುಗಿದರೆ ಮುತ್ತತ್ತಿ ದಾರಿ. ಹೊಲ ಮುಗಿದು ಕುರುಚಲು ಕಾಡು ಶುರುವಾಗುತ್ತದೆ. ಜಾಲಿ, ತುಗ್ಗಲಿ, ಕಳ್ಳಿ, ರಸ್ತೆಯ ಎರಡೂ ಬದಿಗೆ ಲಂಟಾನ. ಇಳಿಜಾರಿನಲ್ಲಿ ತಿರುವು ಮೇಲೆ ತಿರುವು. ಒಂದು ತಿರುವಿನಲ್ಲಿ ಕೆಳಗೆ ಕಾವೇರಿ ಕಂಡಿತು. ನೀರು ಮೊದಲು ಕಾಣಲಿಲ್ಲ, ಮರ ಕಂಡಿತು. ಬೂದು ಬೆಟ್ಟಗಳ ನಡುವೆ ಕಡು ಹಸಿರಿನ ಒಂದು ಪಟ್ಟಿ, ಹಾವಿನ ಹಾಗೆ ಹೊರಳುತ್ತಾ ಹೋಗಿತ್ತು. ಕಾರು ನಿಲ್ಲಿಸಿ ನೋಡಿದೆವು. ಅಷ್ಟು ದೊಡ್ಡ ಕಾಡಿನಲ್ಲಿ ಹಸಿರು ಅಂತ ಇದ್ದದ್ದು ಆ ಪಟ್ಟಿ ಒಂದೇ.

ಕಾವೇರಿ ವನ್ಯಜೀವಿ ಧಾಮ ಘೋಷಣೆ ಆದದ್ದು 1987ರಲ್ಲಿ. ಆಗ ಸುಮಾರು 510 ಚದರ ಕಿಲೋಮೀಟರ್ ಇತ್ತು. ಆಮೇಲೆ ಸುತ್ತಲಿನ ಮೀಸಲು ಅರಣ್ಯ ಸೇರಿಸಿದ್ದರಿಂದ ಈಗ ಸಾವಿರ ಚದರ ಕಿಲೋಮೀಟರ್ ದಾಟಿದೆ. ಮಂಡ್ಯ, ಚಾಮರಾಜನಗರ, ಈಗ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾದ ರಾಮನಗರ, ಈ ಮೂರು ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಒಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು, ಇನ್ನೊಂದು ಕಡೆ ತಮಿಳುನಾಡಿನ ಕಾಡು. ಆನೆಗೆ ಈ ಗಡಿಗಳೆಲ್ಲ ಎಲ್ಲಿ ಗೊತ್ತು, ಹೊಳೆ ಇಳಿಯುತ್ತದೆ, ದಾಟುತ್ತದೆ.

ಮುತ್ತತ್ತಿಯಲ್ಲಿ ಮುತ್ತೆತ್ತಿರಾಯನಿಗೆ ಕೈ ಮುಗಿದೆವು. ಸೀತೆ ಸ್ನಾನಕ್ಕೆ ಇಳಿದಾಗ ಅವಳ ಮುತ್ತು ಹೊಳೆಗೆ ಬಿತ್ತಂತೆ, ಹನುಮಂತ ಬಾಲದಿಂದ ನೀರು ಕಲಕಿ ಎತ್ತಿ ಕೊಟ್ಟನಂತೆ. ಅದಕ್ಕೇ ಊರಿಗೆ ಈ ಹೆಸರು. ಹನುಮಂತನ ವಂಶದವರು ಅಲ್ಲಿ ಈಗಲೂ ಎತ್ತುವ ಕೆಲಸವನ್ನೇ ಮಾಡುತ್ತಿದ್ದಾರೆ. ಮಾವ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದೇ ತಡ, ಒಂದು ಕೋತಿ ಚೀಲ ಎಳೆದುಕೊಂಡು ಹುಣಸೆ ಮರ ಹತ್ತಿತು. ಚಕ್ಕುಲಿ ಒಂದೊಂದಾಗಿ ತಿಂದು, ಕೋಡುಬಳೆ ಖಾರವಾಯಿತೋ ಏನೋ, ಕೆಳಗೆ ಎಸೆಯಿತು. "ನಿಮ್ಮತ್ತೆಗೆ ಹೇಳ್ಬೇಡಿ ಅಳಿಯಂದ್ರೆ, ಎಲ್ಲಾ ನಾವೇ ತಿಂದ್ವಿ ಅನ್ನಿ" ಅಂದರು ಮಾವ.

ಹೊಳೆಗೆ ಇಳಿಯಬೇಡಿ ಅಂತ ಅಲ್ಲಿ ಬೋರ್ಡ್ ಇದೆ. ಆದರೂ ಜನ ಇಳಿಯುತ್ತಾರೆ. ಮೇಲೆ ನೋಡಿದರೆ ನೀರು ನಿಂತ ಹಾಗೆ ಇರುತ್ತದೆ, ಕೆಳಗೆ ಬಂಡೆಗಳ ಸಂದಿಯಲ್ಲಿ ಸುಳಿ. ಪ್ರತಿ ವರ್ಷ ಇಲ್ಲಿ ಜನ ಮುಳುಗುತ್ತಾರೆ. ಮೊಸಳೆ ಇರುವುದು ಬೇರೆ ಮಾತು, ಅದು ಮಾಡುವ ಹಾನಿ ಈ ಸುಳಿಗಳ ಮುಂದೆ ಏನೂ ಅಲ್ಲ.

ಅಲ್ಲಿಂದ ಹೊಳೆ ದಂಡೆಯ ಮೇಲೇ ಭೀಮೇಶ್ವರಿಗೆ. ನಾವು ಉಳಿದುಕೊಂಡ ಕಡೆ ಕಿಟಕಿ ತೆಗೆದರೆ ಹೊಳೆ. ರಾತ್ರಿ ಊಟಕ್ಕೆ ಮುದ್ದೆ ಸಾರು. ಊಟದ ನಂತರ ಆಚೆ ದಡದಲ್ಲಿ ಏನೋ ಮುರಿಯುವ ಸದ್ದು, ಬಿದಿರೋ ಕೊಂಬೆಯೋ. ಮಾವ ನಿದ್ದೆಗಣ್ಣಲ್ಲೇ "ಆನೆ" ಅಂದು ಮಗ್ಗುಲು ಬದಲಿಸಿದರು. ನನಗೆ ನಿದ್ದೆ ಬಂದದ್ದು ಎರಡು ಗಂಟೆಗೆ.

ಎರಡನೇ ದಿನ: ಬೆಳಗ್ಗೆ ಮಡು, ಸಂಜೆ ಬೆಟ್ಟ

ಬೆಳಗ್ಗೆ ಆರೂವರೆಗೆ ತೆಪ್ಪ ಹತ್ತಿದೆವು. ಹಿಂದೆಲ್ಲ ಬಿದಿರು ಹೆಣೆದು ಚರ್ಮ ಹೊದಿಸುತ್ತಿದ್ದ ತೆಪ್ಪ ಈಗ ಫೈಬರಿನದು. ಹುಟ್ಟು ಹಾಕುವವರು ಐವತ್ತು ದಾಟಿದವರು, ಮಾತು ಕಡಿಮೆ. ಒಂದು ಕಡೆ ಹುಟ್ಟನ್ನು ನೀರಿಗೆ ಇಳಿಬಿಟ್ಟು, "ಇಲ್ಲಿ ಮಡು, ಕೆಳಗೆ ಮುಟ್ಟಲ್ಲ" ಅಂದರು.

ಕಾಡು ಅಂದರೆ ಬರೀ ಮರ ಅಂದುಕೊಂಡು ಬರುವ ನಮಗೆ ಹೊಳೆಯಲ್ಲೂ ಬೇರೆ ಬೇರೆ ಜಾಗಗಳಿವೆ ಅನ್ನುವುದು ತೆಪ್ಪದಲ್ಲಿ ಕೂತಾಗಲೇ ತಿಳಿಯುವುದು. ಮಡುವಿನಲ್ಲಿ ನೀರು ಕಪ್ಪಗೆ, ಸದ್ದಿಲ್ಲದೆ ಇರುತ್ತದೆ. ಸ್ವಲ್ಪ ಮುಂದೆ ಬಂಡೆಗಳ ನಡುವೆ ಹರಿವು, ನೊರೆ. ಅದಾದ ಮೇಲೆ ಮರಳು ದಿಬ್ಬ. ನಡುನಡುವೆ ಹುಲ್ಲು ಬೆಳೆದ ನಡುಗಡ್ಡೆ. ಒಂದೊಂದರಲ್ಲಿ ಒಂದೊಂದು ಜೀವ. ಬಂಡೆ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಹಾವಕ್ಕಿ ಕತ್ತು ಮಾತ್ರ ಮೇಲಿಟ್ಟುಕೊಂಡು ಮಡುವಿನಲ್ಲಿ ಈಜುತ್ತಿತ್ತು. ಕಪ್ಪು ಬಿಳಿ ಮಿಂಚುಳ್ಳಿ ಹರಿವಿನ ಮೇಲೆ ಗಾಳಿಯಲ್ಲೇ ನಿಂತು ಕೆಳಗೆ ನೋಡುತ್ತಿತ್ತು. ಮರಳು ದಿಬ್ಬದ ಮೇಲೆ ಒಂದು ಮೊಸಳೆ ಬಾಯಿ ತೆರೆದು ಮಲಗಿತ್ತು, ನಾವು ಬಂದದ್ದಕ್ಕೆ ಕಣ್ಣು ಕೂಡ ಮಿಟುಕಿಸಲಿಲ್ಲ.

ಇನ್ನೊಂದು ದಿಬ್ಬದ ಹತ್ತಿರ ಹೋಗದೆ ತೆಪ್ಪದವರು ದೂರದಿಂದ ಸುತ್ತು ಹಾಕಿದರು. ಅಲ್ಲಿ ರೀವ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ಕಪ್ಪು ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಅವು ಗೂಡು ಕಟ್ಟುವುದಿಲ್ಲ. ಹೊಳೆ ಇಳಿದಾಗ ಬರಿಯ ಮರಳಿನ ಮೇಲೆ, ಬಂಡೆಯ ಮೇಲೆ ಮೊಟ್ಟೆ ಇಡುತ್ತವೆ. ಮೇಲಿನ ಅಣೆಕಟ್ಟೆಯಿಂದ ದಿಢೀರ್ ಅಂತ ನೀರು ಬಿಟ್ಟರೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯಿತು. ಮಳೆ ಬಂದು ಹೊಳೆ ಏರುವುದು ಹಕ್ಕಿಗೆ ಗೊತ್ತು, ಯಾರೋ ಗೇಟ್ ಎತ್ತುವುದು ಗೊತ್ತಿಲ್ಲ.

ನೀರುನಾಯಿ ನೋಡಬೇಕು ಅಂತ ನನಗೆ ಆಸೆ ಇತ್ತು. ಸಿಕ್ಕಿದ್ದು ಅದರ ಲದ್ದಿ. ಒಂದು ಚಪ್ಪಟೆ ಬಂಡೆಯ ಮೇಲೆ ಒಣಗಿದ ರಾಶಿ, ತುಂಬ ಮೀನಿನ ಹುರುಪೆ. ಪ್ರತಿ ಗುಂಪಿಗೂ ಇಂಥ ಬಂಡೆ ಇರುತ್ತದಂತೆ, ನಮ್ಮ ಏರಿಯಾ ಅಂತ ಬೋರ್ಡ್ ಹಾಕಿದ ಹಾಗೆ. ಹೆಂಡತಿ ಅದರ ಫೋಟೊ ತೆಗೆಯಲಿಲ್ಲ. ನಾನು ತೆಗೆದೆ.

ಮೀನಿನ ಮಾತು ಬಂದಾಗ ತೆಪ್ಪದವರ ಬಾಯಿ ಬಿಚ್ಚಿತು. ಇಲ್ಲಿಯವರು ಬಿಳಿ ಮೀನು ಅನ್ನುವುದು ಮಹಶೀರ್‌ಗೆ. ಈ ಹೊಳೆಯ ಮಹಶೀರ್ ಬೆನ್ನು ಉಬ್ಬಿದ, ರೆಕ್ಕೆ ಕಿತ್ತಳೆ ಬಣ್ಣದ ಜಾತಿ, ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಗಾಳದಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ನಮ್ಮ ಮಾವನ ತೂಕ 58. ಒಂದು ಕಾಲದಲ್ಲಿ ಇದನ್ನು ಹಿಡಿಯಲೆಂದೇ ವಿದೇಶದಿಂದ ಭೀಮೇಶ್ವರಿಗೆ, ಗಾಲಿಬೋರೆಗೆ ಜನ ಬರುತ್ತಿದ್ದರು. ಹಿಡಿಯುವುದು, ತೂಗುವುದು, ಫೋಟೊ ತೆಗೆದು ವಾಪಸ್ ಹೊಳೆಗೆ ಬಿಡುವುದು. 2010ರ ನಂತರದ ವರ್ಷಗಳಲ್ಲಿ ವನ್ಯಧಾಮದೊಳಗೆ ಅದೂ ನಿಂತಿತು. ಹಾಗಂತ ಮೀನು ಚೇತರಿಸಿಕೊಂಡಿಲ್ಲ. ಹ್ಯಾಚರಿಯಲ್ಲಿ ಬೆಳೆಸಿ ಬಿಟ್ಟ ನೀಲಿ ರೆಕ್ಕೆಯ ಬೇರೆ ಜಾತಿ ಹೊಳೆ ತುಂಬಿಕೊಂಡಿತು, ಮೂಲದ್ದು ಹಿಂದೆ ಸರಿಯಿತು. ಇನ್ನೂ ತಮಾಷೆ ಅಂದರೆ, ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಿದರು.

"ನೀವು ಗಾಳದವರ ಜೊತೆ ಕೆಲಸ ಮಾಡಿದ್ರಾ?" ಅಂತ ಕೇಳಿದೆ.

"ಮಾಡಿದ್ದೆ ಸಾರ್. ಅದಕ್ಕೂ ಮುಂಚೆ ನಮ್ಮೋರು ತೋಟೆ ಹಾಕ್ತಿದ್ರು" ಅಂದರು. ತೋಟೆ ಅಂದರೆ ಸಿಡಿಮದ್ದು. ನೀರಿಗೆ ಎಸೆದರೆ ಮಡುವಿನ ಮೀನು ಮರಿ ಸಮೇತ ತೇಲುತ್ತದೆ. ಅದರ ಬಗ್ಗೆ ಮತ್ತೆ ಏನೂ ಹೇಳಲಿಲ್ಲ, ಹುಟ್ಟು ಹಾಕತೊಡಗಿದರು.

ದಡ ಸೇರುವಾಗ ಗೈಡ್ ಒಣಗಿದ ಮರದ ತುದಿ ತೋರಿಸಿದ. ಮೀನುಹದ್ದು. ಬೂದು ತಲೆ, ಬಿಳಿ ಹೊಟ್ಟೆ. ಇದರ ಚಿಕ್ಕ ಜಾತಿ ಹಿಮಾಲಯದ ತಪ್ಪಲಿನ ಹೊಳೆಗಳಲ್ಲಿ ಇರುವಂಥದ್ದು, ನಡುವೆ ಅಷ್ಟು ದೂರ ಬಿಟ್ಟು ಇಲ್ಲಿ ಕಾವೇರಿಯಲ್ಲೂ ಇದೆ. ನಮಗೆ ಕಂಡದ್ದು ಚಿಕ್ಕದೋ ದೊಡ್ಡದೋ ಅಂತ ಗೈಡ್ ಮತ್ತು ನಾನು ತಿಂಡಿ ಮುಗಿಯುವವರೆಗೂ ವಾದ ಮಾಡಿದೆವು. ಮಾವ ಇಡ್ಲಿ ಮುರಿಯುತ್ತಾ "ಅದೊಂದು ಕಾಡಕ್ಕಿ" ಅಂತ ತೀರ್ಪು ಕೊಟ್ಟರು.

ಮಧ್ಯಾಹ್ನದ ಬಿಸಿಲಿಗೆ ಎಲ್ಲೂ ಹೋಗುವ ಹಾಗಿರಲಿಲ್ಲ. ದಡದ ಮರಗಳ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆವು. ಆ ಮೂರು ಗಂಟೆ ನನಗೆ ಇಡೀ ಪ್ರವಾಸದಲ್ಲೇ ಇಷ್ಟವಾದ ಹೊತ್ತು. ನೆತ್ತಿಯ ಮೇಲೆ ಹೊಳೆಮತ್ತಿ. ತೊಗಟೆ ನುಣ್ಣಗೆ, ಸುಣ್ಣ ಬಳಿದ ಹಾಗೆ ತಿಳಿ ಬಣ್ಣ, ಬೇರು ಅರ್ಧ ನೀರಿನಲ್ಲಿ. ಪ್ರವಾಹ ಬಂದಾಗ ಮಣ್ಣು ಕೊಚ್ಚಿ ಹೋಗಿ ಬೇರುಗಳೆಲ್ಲ ಬೆತ್ತಲಾಗಿದ್ದವು, ಆದರೂ ಮರ ಅಲುಗಿರಲಿಲ್ಲ. ಪಕ್ಕದಲ್ಲಿ ನೇರಳೆ, ಹೊಸ ಚಿಗುರಿನ ಹೊಂಗೆ, ಸ್ವಲ್ಪ ಮೇಲೆ ದೊಡ್ಡ ದೊಡ್ಡ ಹುಣಸೆ. ಒಂದರ ಕೊಂಬೆ ಇನ್ನೊಂದಕ್ಕೆ ತಾಗಿಕೊಂಡು ಮೇಲೆಲ್ಲ ಚಪ್ಪರ.

ಆ ಚಪ್ಪರದಲ್ಲೇ ನಾವು ನೋಡಲು ಬಂದ ಪ್ರಾಣಿ ಸಿಕ್ಕಿತು. ಮೊದಲು ಅರ್ಧ ತಿಂದ ಹುಣಸೆಕಾಯಿ ಹೆಂಡತಿಯ ಮಡಿಲಿಗೆ ಬಿತ್ತು. ತಲೆ ಎತ್ತಿದರೆ, ಬೂದು ಬಣ್ಣದ ದೊಡ್ಡ ಅಳಿಲು. ಬೂದು ಮೈಯ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ ಕೂದಲು, ನೆತ್ತಿ ಕಪ್ಪು, ಮೂಗು ಗುಲಾಬಿ, ಮೈಯಷ್ಟೇ ಉದ್ದದ ಬಾಲ. ಹಿಂಗಾಲಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ಜೋತು, ಎರಡೂ ಕೈಯಲ್ಲಿ ಕಾಯಿ ಹಿಡಿದು ಸುಲಿಯುತ್ತಿತ್ತು. ಮಲೆನಾಡಿನಲ್ಲಿ ಕಾಣುವ ಕೆಂದಳಿಲಿನ ಬಳಗದ್ದೇ, ಸ್ವಲ್ಪ ಚಿಕ್ಕದು. ಶ್ರೀಲಂಕಾ, ದಕ್ಷಿಣ ಭಾರತದ ಕೆಲವೇ ಕಾಡುಗಳು, ಅಷ್ಟೇ ಇದರ ಪ್ರಪಂಚ. ಕರ್ನಾಟಕದಲ್ಲಿ ಇದಕ್ಕೆ ಮನೆ ಅಂದರೆ ಕಾವೇರಿಯ ಈ ದಂಡೆಯೇ.

ಕೆಂದಳಿಲಿಗೆ ಘಟ್ಟದ ಕಾಡೆಲ್ಲ ಇದೆ. ಇದಕ್ಕೆ ಇರುವುದು ಈ ಪಟ್ಟಿ. ನೆಲಕ್ಕೆ ಇಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೇ ಓಡಾಟ. ಗೂಡು ಕಟ್ಟುವುದು ಕೂಡ ಎರಡು ಮರದ ಕೊಂಬೆ ಕೂಡುವಲ್ಲಿ, ಅಪಾಯ ಬಂದರೆ ಆಚೆ ಮರಕ್ಕೆ ಹಾರಲಿಕ್ಕೆ. ನಡುವೆ ಒಂದು ಮರ ಕಡಿದರೆ ಅದಕ್ಕೆ ರಸ್ತೆಯೇ ತುಂಡಾದ ಹಾಗೆ. ಮಾವ ಎಣಿಸಿದರು, ನಾವು ಕೂತ ಕಡೆಯಿಂದ ಎಲೆಯ ಗೂಡು ನಾಲ್ಕು ಕಂಡವು.

ನಾಲ್ಕೂವರೆಗೆ ಅನುಮತಿ ಪಡೆದ ದಾರಿಯಲ್ಲಿ ಗೈಡ್ ಜೊತೆ ಬೆಟ್ಟ ಹತ್ತಲು ಹೊರಟೆವು. ನಾನು ಸುಮ್ನೆ ಹೆಜ್ಜೆ ಎಣಿಸಿದೆ. ಇನ್ನೂರ ಹತ್ತನೇ ಹೆಜ್ಜೆಗೆ ನೆರಳು ಮುಗಿಯಿತು. ಅಷ್ಟೇ! ಹಿಂದೆ ತಿರುಗಿದರೆ ತಂಪು, ಮುಂದೆ ಕಾದ ಕಲ್ಲು. ಇದು ಮಳೆ ನೆರಳಿನ ಸೀಮೆ. ಮುಂಗಾರಿನ ಮೋಡ ಘಟ್ಟದಲ್ಲೇ ಖಾಲಿಯಾಗಿ ಬರುತ್ತದೆ, ಇಲ್ಲಿಗೆ ಒಳ್ಳೆ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನದು. ಹಾಗಾಗಿ ಬೇರಿಗೆ ಹೊಳೆ ನೀರು ಸಿಗುವಷ್ಟು ದೂರ ಒಂದು ಕಾಡು, ಅದರಾಚೆ ಇನ್ನೊಂದು.

ಮೊದಲು ಒಂದು ಒಣ ಹಳ್ಳ, ಅದರ ಪಕ್ಕ ಬಿದಿರು. ಮರಳಿನಲ್ಲಿ ಆನೆ ಹೆಜ್ಜೆ, ಹಿಂದಿನ ರಾತ್ರಿಯದೇ. ನಾನು ಮಾವನ ಕಡೆ ನೋಡಿದೆ. "ಹೇಳಿರ್ಲಿಲ್ವಾ" ಅನ್ನುವ ಮುಖ. ಹಳ್ಳ ದಾಟಿದ ಮೇಲೆ ದಿಂಡಿಗ, ಅಲ್ಲೊಂದು ಇಲ್ಲೊಂದು ಮುತ್ತುಗ. ಎಲೆಯಿಲ್ಲದ ಕೊಂಬೆ ತುಂಬ ಕೆಂಪು ಹೂವು, ಒಳಗೆ ಪಿಕಳಾರಗಳ ಜಗಳ. ಇನ್ನೂ ಮೇಲೆ ಹತ್ತಿದರೆ ಬರೀ ಕಮರ.

"ಇದೇ ನೋಡಿ ಕಮರ" ಅಂತ ಮಾವ ಒಂದು ಮರಕ್ಕೆ ಕೈ ಒರಗಿಸಿ ನಿಂತರು. "ಕೊಡ್ಲಿ ಬಾಯಿ ಹಾಳಾಗ್ತದೆ, ಮರ ಹಾಳಾಗಲ್ಲ." ಕೆಳಗೆ ಬಿದ್ದಿದ್ದ ಒಣ ಎಲೆ ಎತ್ತಿ ಕೊಟ್ಟರು. ಎರಡು ಹೋಳು, ಥೇಟ್ ಮೇಕೆಯ ಗೊರಸು. ಬಂಡೆಯ ಬಿರುಕಿನಲ್ಲಿ ಬೇರು ಇಳಿಸಿ, ಬೇರೆ ಮರ ಬದುಕದ ಕಡೆ ಬದುಕುತ್ತದೆ ಇದು. ಕಟ್ಟಿಗೆ ಕಬ್ಬಿಣದ ಹಾಗೆ ಭಾರ. ಮಾವ ಚಿಕ್ಕಂದಿನಲ್ಲಿ ಬರ ಬಂದಾಗ ಇದರ ಸೊಪ್ಪೇ ದನಕ್ಕೆ ಮೇವಂತೆ.

ಒಣ ಕಾಡು ಅಂದರೆ ಖಾಲಿ ಕಾಡು ಅಲ್ಲ. ಕೊಂಡುಕುರಿ ಇರುವುದು ಈ ಇಳಿಜಾರುಗಳಲ್ಲೇ, ಗಂಡಿಗೆ ನಾಲ್ಕು ಕೊಂಬು. ನಾವು ಅದರ ಹಿಕ್ಕೆ ಮಾತ್ರ ನೋಡಿದೆವು. ಕಡವೆ, ಸೀಳುನಾಯಿ, ಚಿರತೆ ಎಲ್ಲ ಇವೆ. ಕರ್ನಾಟಕದಲ್ಲಿ ತರಕರಡಿಯ (ಇಂಗ್ಲಿಷಿನ ಹನಿ ಬ್ಯಾಡ್ಜರ್) ಮೊದಲ ಫೋಟೊ ಸಿಕ್ಕಿದ್ದೂ ಈ ವನ್ಯಧಾಮದಲ್ಲೇ, ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಇಟ್ಟಿದ್ದ ಕ್ಯಾಮೆರಾದಲ್ಲಿ. ಅಲ್ಲಿಯವರೆಗೆ ಅಂಥ ಪ್ರಾಣಿ ಇಲ್ಲಿದೆ ಅನ್ನುವುದಕ್ಕೆ ಸಾಕ್ಷಿ ಇರಲಿಲ್ಲ. ರಾತ್ರಿ ಓಡಾಡುವ ಜೀವ, ಯಾರ ಕಣ್ಣಿಗೆ ಬೀಳಬೇಕು?

ಗುಡ್ಡದ ನೆತ್ತಿಯಿಂದ ಮತ್ತೆ ಆ ಹಸಿರು ಪಟ್ಟಿ. ಇಡೀ ಒಣ ಕಾಡಿನ ಪ್ರಾಣಿಗಳು ಸಂಜೆ ಇಳಿಯುವುದು ಅಲ್ಲಿಗೇ. ಬೆಟ್ಟ ಇಲ್ಲದಿದ್ದರೆ ಹೊಳೆದಂಡೆಗೆ ಆನೆ ಇಲ್ಲ, ಹೊಳೆದಂಡೆ ಇಲ್ಲದಿದ್ದರೆ ಬೆಟ್ಟದಲ್ಲಿ ಬೇಸಿಗೆ ಕಳೆಯುವ ಹಾಗಿಲ್ಲ. ಬ್ಯಾಗಿನಿಂದ ಕ್ಯಾಮೆರಾ ತೆಗೆದೆ. ಬ್ಯಾಟರಿ ಸತ್ತಿತ್ತು. ಚಾರ್ಜರ್ ಮನೆಯಲ್ಲಿ ಟಿವಿ ಪಕ್ಕ.

ಮೂರನೇ ದಿನ: ಸಂಗಮ

ಭೀಮೇಶ್ವರಿಯಿಂದ ಸಂಗಮಕ್ಕೆ ಹೊಳೆಯಲ್ಲಿ ಹೋದರೆ ಹತ್ತಿರ. ಕಾರಿನಲ್ಲಿ ಮತ್ತೆ ಹಲಗೂರು, ಸಾತನೂರು ಸುತ್ತಿಕೊಂಡು ಬರಬೇಕು. ದಾರಿ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ರಸ್ತೆ ಉಬ್ಬುಗಳು ಜಾಸ್ತಿ.

ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಗೆ ಸೇರುತ್ತದೆ. ಭಾನುವಾರ, ಜನವೋ ಜನ. ದಂಡೆಯ ಮೇಲೆ ಒಲೆ ಹೂಡಿ ಅಡುಗೆ, ಮೀನು ಫ್ರೈ ಅಂಗಡಿ, ಹುಣಸೆ ಮರದ ಬುಡದಲ್ಲಿ ಪ್ಲಾಸ್ಟಿಕ್ ತಟ್ಟೆ ರಾಶಿ. ಅರ್ಕಾವತಿ ದಾಟಿ, ಆಚೆ ದಡದಲ್ಲಿ ಹಳೇ ಬಸ್ ಹತ್ತಿ ಮೇಕೆದಾಟಿಗೆ ಹೋದೆವು. ಸುಮಾರು ನಾಲ್ಕು ಕಿಲೋಮೀಟರ್. ಬಸ್ಸಿನ ಪ್ರತಿ ನಟ್ಟೂ ಬೇರೆ ಬೇರೆ ಸದ್ದು ಮಾಡುತ್ತಿತ್ತು.

ಅಷ್ಟು ಅಗಲದ ಹೊಳೆ ಮೇಕೆದಾಟಿನಲ್ಲಿ ಕಲ್ಲಿನ ಕೊರಕಲಿಗೆ ನುಗ್ಗುತ್ತದೆ. ಕೆಲವು ಕಡೆ ಎರಡು ಗೋಡೆಗಳ ನಡುವೆ ಹತ್ತು ಮೀಟರ್ ಅಂತರ ಅಷ್ಟೇ. ಮೇಕೆಯೊಂದು ಹಾರಿ ದಾಟಿತು ಅನ್ನುವ ಕಥೆ ಅಲ್ಲಿ ನಿಂತಾಗ ನಂಬಬಹುದು ಅನ್ನಿಸುತ್ತದೆ. ಬಂಡೆಯಲ್ಲಿ ಒರಳಿನಂಥ ಗುಳಿಗಳು. ಸುಳಿಗೆ ಸಿಕ್ಕ ಬೆಣಚು ಕಲ್ಲುಗಳು ಸಾವಿರಾರು ವರ್ಷ ಅಲ್ಲೇ ತಿರುಗಿ ತಿರುಗಿ ಕೊರೆದ ಗುಳಿಗಳು. ಕೆಲವದರ ತಳದಲ್ಲಿ ಆ ಕಲ್ಲುಗಳು ಇನ್ನೂ ಇದ್ದವು, ಮೊಟ್ಟೆಯಷ್ಟು ನುಣ್ಣಗೆ. ಇಲ್ಲಿ ಮರವಿಲ್ಲ, ಮರಳಿಲ್ಲ. ಬರೀ ಕಲ್ಲು, ನೀರು, ಬಿಸಿಲು.

ಈ ಹತ್ತಿರದಲ್ಲೇ 67.16 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟೆ ಕಟ್ಟಬೇಕು ಅನ್ನುವುದು ಕರ್ನಾಟಕದ ಯೋಜನೆ. ಬೆಂಗಳೂರಿಗೆ ಕುಡಿಯುವ ನೀರು, ಜೊತೆಗೆ 400 ಮೆಗಾವ್ಯಾಟ್ ವಿದ್ಯುತ್. ತಮಿಳುನಾಡಿನ ಜೊತೆ ಜಗಳ ಏನು ಅನ್ನುವುದು ಪೇಪರ್ ಓದುವವರಿಗೆಲ್ಲ ಗೊತ್ತು. ನನ್ನ ತಲೆಯಲ್ಲಿದ್ದದ್ದು ಇನ್ನೂರ ಹತ್ತು ಹೆಜ್ಜೆ. ನೀರು ನಿಂತರೆ ಮೊದಲು ಮುಳುಗುವುದು ತಗ್ಗಿನಲ್ಲಿರುವ ಆ ಪಟ್ಟಿ. ಕಮರದ ಬೆಟ್ಟಕ್ಕೆ ನೀರು ಮುಟ್ಟಿದ ಮಾತ್ರಕ್ಕೆ ಅಲ್ಲಿ ನೂರು ವರ್ಷದ ಹೊಳೆಮತ್ತಿ ಬಂದು ನಿಲ್ಲುವುದಿಲ್ಲ. ಅಳಿಲು ಹತ್ತಿ ಹೋಗುವುದಾದರೂ ಎಲ್ಲಿಗೆ? ಹಾಗಂತ ನಾನು ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದವನೇ. ಹೆಂಡತಿ ಕೇಳಿದಳು, "ಕಟ್ಟಬೇಕೋ ಬೇಡವೋ, ನೀವು ಹೇಳಿ." ಬೇಡ ಅಂದೆ. "ಮನೇಲಿ ನೀರು ನಿಂತ ದಿನ ಮತ್ತೆ ಕೇಳ್ತೀನಿ" ಅಂದಳು.

ವಾಪಸ್ ಸಂಗಮಕ್ಕೆ ಬಂದಾಗ ಮಾವ ಕಾಲು ತೊಳೆಯಲು ಹೊರಟರು. ಅರ್ಕಾವತಿ ಹತ್ತಿರದಲ್ಲೇ ಇತ್ತು. ಅಲ್ಲಿ ಇಳಿಯಲಿಲ್ಲ. ಬಂಡೆ ದಾಟಿಕೊಂಡು ಕಾವೇರಿ ಕಡೆಗೆ ನಡೆದರು.

"ಇಲ್ಲೇ ತೊಳ್ಕೊಳ್ಳಿ ಮಾವ, ಅಷ್ಟು ದೂರ ಯಾಕೆ?"

"ಅದು ನಿಮ್ಮನೆ ನೀರು ಕಣ್ರಪ್ಪ" ಅಂದರು.

ತಮಾಷೆಗೆ ಹೇಳಿದ್ದಲ್ಲ. ಬೆಂಗಳೂರಿನ ಕೊಳಚೆ ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಇಲ್ಲಿಗೆ. ತೊರೆಕಾಡನಹಳ್ಳಿಯಲ್ಲಿ ಎತ್ತಿ, ಅರ್ಧ ಕಿಲೋಮೀಟರ್ ಎತ್ತರಕ್ಕೆ ತಳ್ಳಿ, ನಾವು ಪಾತ್ರೆ ತೊಳೆದು ಸ್ನಾನ ಮಾಡಿ ಬಿಟ್ಟ ನೀರು ಸುತ್ತಿ ಬಳಸಿ ವಾಪಸ್ ಕಾವೇರಿಗೇ ಬರುತ್ತದೆ. ಎರಡು ನೀರು ಸೇರುವ ಕಡೆ ಕಲ್ಲಿನ ಸಂದಿಯಲ್ಲಿ ನೊರೆ ಸಿಕ್ಕಿಕೊಂಡಿತ್ತು. ಅದರ ಪಕ್ಕದಲ್ಲೇ ಒಂದು ಬೆಳ್ಳಕ್ಕಿ ಮೀನಿಗಾಗಿ ಕಾಯುತ್ತಿತ್ತು. ನಾನೂ ಚಪ್ಪಲಿ ಕೈಯಲ್ಲಿ ಹಿಡಿದು ಮಾವನ ಹಿಂದೆ ಹೋದೆ.

ಕನಕಪುರದಲ್ಲಿ ಮಾವನನ್ನು ಹಲಗೂರಿನ ಬಸ್ ಹತ್ತಿಸಿದೆವು. ಕಿಟಕಿಯಿಂದ ಬಗ್ಗಿ, "ಅಕ್ಟೋಬರ್‌ನಲ್ಲಿ ಬನ್ನಿ ಅಳಿಯಂದ್ರೆ, ಮಳೆ ಬಿದ್ಮೇಲೆ. ಕಮರ ಚಿಗುರಿರ್ತದೆ, ಅದೇ ಬೆಟ್ಟ ಅಂತ ಗುರ್ತು ಸಿಗಲ್ಲ" ಅಂದರು. ಬಸ್ ಹೊರಟಿತು. ಮತ್ತೆ ತಲೆ ಹೊರಗೆ ಹಾಕಿ ಏನೋ ಕೂಗಿದರು. ನಮಗೆ ಕೇಳಿಸಿದ್ದು "ಚಕ್ಕುಲಿ" ಅನ್ನುವುದೊಂದೇ.